ಹೊಲಿಗೆ ಯಾರದು?

ಆ ಮನುಷ್ಯ ತುಂಬಿದ ಸಭೆಯಲ್ಲಿ ನಿಂತು ತನ್ನ ಎಡ ಮೊಣಕಾಲಿಗೆ ಧನ್ಯವಾದ ಹೇಳಿದ. ನನಗೆ ಹೇಳಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ಮೊದಲು ನಾನು ಯಾರೆಂದು ನಾನೇ ಹೇಳಿಬಿಡುತ್ತೇನೆ, ಬೇರೆ ಯಾರೂ ಹೇಳುವುದಿಲ್ಲವಲ್ಲ. ಬೆಟ್ಟ ಹತ್ತುವ ದಾರಿ ಶುರುವಾಗುವ ಕಡೆ, ಬಸ್ಸು ತಿರುಗುವ ಮೂಲೆಯಲ್ಲಿ ನನ್ನ ಅಂಗಡಿ. ಹರಿದ ಟೆಂಟು, ಪಟ್ಟಿ ಕಿತ್ತ ಬೆನ್ನುಚೀಲ, ಹಲ್ಲುದುರಿದ ಜಿಪ್ಪು, ಬಾಯಿ ಬಿಟ್ಟ ಬೂಟು, ಇವೆಲ್ಲ ನನ್ನ ಹೊಲಿಗೆ ಯಂತ್ರದ ಕೆಳಗೆ ಬಂದು ಮರುಜನ್ಮ ಪಡೆದು ಹೋಗುತ್ತವೆ. ಶಾಲೆಗೆ ನಾನು ಹೋದದ್ದು ಕಡಿಮೆ, ಶಾಲೆಯವರು ನನ್ನನ್ನು ಮನೆಗೆ ಕಳಿಸಿದ್ದೇ ಹೆಚ್ಚು. ಆದರೆ ಬಟ್ಟೆ ಎಲ್ಲಿ ಹರಿಯುತ್ತದೆ ಎನ್ನುವುದನ್ನು ಅದು ಹರಿಯುವ ಮೊದಲೇ ಹೇಳಬಲ್ಲೆ.

ಮೊಣಕಾಲಿನ ಆ ಮನುಷ್ಯನನ್ನು ನಾವು ಅಂಗಡಿಯಲ್ಲಿ ತುದಿಯಣ್ಣ ಎಂದು ಕರೆಯುತ್ತೇವೆ. ಆತನ ಯಾವ ಕಥೆಯಾದರೂ ಸರಿ, 'ಕೊನೆಗೂ ತುದಿ ಮುಟ್ಟಿದೆ' ಎಂದೇ ಮುಗಿಯುತ್ತದೆ. ಒಮ್ಮೆ ಬಸ್ಸು ತಪ್ಪಿದ ಕಥೆಯೂ ಹಾಗೇ ಮುಗಿಯಿತು. ಬಿರುಗಾಳಿಯಲ್ಲಿ ಬೆಟ್ಟದ ನೆತ್ತಿಯ ಮೇಲೆ ರಾತ್ರಿ ಕಳೆದು ಬಂದದ್ದಕ್ಕೆ ಆತನಿಗೆ ಊರಿನ ಸಭಾಂಗಣದಲ್ಲಿ ಸನ್ಮಾನ. ನಾನೂ ಹೆಂಡತಿಯೂ ಇಸ್ತ್ರಿ ಬಟ್ಟೆ ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದೆವು. 'ಗಾಳಿ ಕಲ್ಲುಗಳನ್ನೇ ಉರುಳಿಸುತ್ತಿತ್ತು, ನನ್ನ ಟೆಂಟು ಮಾತ್ರ ಜಗ್ಗಲಿಲ್ಲ' ಎಂದ. ನಾನು ಕಾಲರ್ ಸರಿಮಾಡಿಕೊಂಡೆ. ಧನ್ಯವಾದ ಶುರುವಾಯಿತು. ತಾಯಿಗೆ, ಹವಾಮಾನದವರಿಗೆ, ಟೆಂಟಿನ ಕಂಪನಿಗೆ, ಚಹಾ ಬಿಸಿಯಾಗಿಟ್ಟ ಫ್ಲಾಸ್ಕಿಗೆ, ಕೈಕೊಡದ ಎಡ ಮೊಣಕಾಲಿಗೆ. ನಾನು ಅರ್ಧ ಎದ್ದು ನಿಂತಿದ್ದೆ. ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಅಂಗಿ ಹಿಡಿದೆಳೆದು ಕೂರಿಸಿದಳು.

ಆ ಟೆಂಟು ನನ್ನ ಬಳಿ ಬಂದಾಗ ಅದನ್ನು ಟೆಂಟು ಎನ್ನಲು ನಾಚಿಕೆಯಾಗುತ್ತಿತ್ತು. ಅದರ ನೆತ್ತಿಯ ಹೊಲಿಗೆ ಪೂರ್ತಿ ಬಿಚ್ಚಿ, ಅಂಚು ಮಡಿಸಿ, ಎರಡು ಸಾಲು ಹೊಲಿದು, ಮೇಣ ತಿಕ್ಕಿ ಕೊಟ್ಟವನು ನಾನು. ಫ್ಲಾಸ್ಕು ಮಾಡಿದ್ದೇನು? ಸುಮ್ಮನೆ ಮುಚ್ಚಿಕೊಂಡು ಕೂತಿತ್ತು.

ಮನೆಗೆ ಬರುವ ದಾರಿಯಲ್ಲೇ ನಾನು ಪ್ರತಿಜ್ಞೆ ಮಾಡಿದೆ. ಇನ್ನು ಮೇಲೆ ಈ ಭೂಮಂಡಲದಲ್ಲಿ ಹೊಲಿದವನ ಹೆಸರು ಹೇಳದೆ ಯಾರೂ ಬೆಟ್ಟದ ಕಥೆ ಹೇಳಕೂಡದು! ಅದಕ್ಕೊಂದು ವ್ಯವಸ್ಥೆ ಮಾಡದಿದ್ದರೆ ನಾನು ಸೂಜಿ ಹಿಡಿದವನೇ ಅಲ್ಲ!

"ಮೊದಲು ಬಾಗಿಲ ಬೀಗ ತೆಗೀರಿ, ಆಮೇಲೆ ಭೂಮಂಡಲ ನೋಡ್ಕೊಳ್ಳೋಣ" ಎಂದಳು ಹೆಂಡತಿ.

ವ್ಯವಸ್ಥೆಗೆ ಬೇಕಾದ ಮನುಷ್ಯ ಮನೆಯಲ್ಲೇ ಇದ್ದ. ನನ್ನ ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ನಮ್ಮ ಮಹಡಿಯ ಕೋಣೆಯಲ್ಲಿದ್ದುಕೊಂಡು ಆಸ್ಪತ್ರೆಗಳಿಗೆ, ಹೋಟೆಲುಗಳಿಗೆ ಮೊಬೈಲಿನ ಆ್ಯಪ್ ಮಾಡಿಕೊಡುತ್ತಾನೆ. ಬೆಟ್ಟ ಹತ್ತುವವರು, ಹೊಳೆ ಈಜುವವರು, ಕಾಡು ಸುತ್ತುವವರು ಎಲ್ಲರೂ ತಮ್ಮ ಕಥೆಯನ್ನು ಬಾಯಲ್ಲಿ ಹೇಳಿ, ಫೋಟೋ ಅಂಟಿಸಿ, ಲೋಕಕ್ಕೆ ಕೇಳಿಸುವಂಥ ಒಂದು ಜಾಗ ಮಾಡಿಕೊಡು ಎಂದೆ. ಅವನ ಕಣ್ಣು ಅರಳಿತು. ಒಳ್ಳೆಯ ಯೋಚನೆ ಭಾವ, ಇಂಥದ್ದು ಬೇಕಾಗಿತ್ತು ಎಂದ. ವಿನ್ಯಾಸ ಮಾತ್ರ ನನ್ನದೇ ಎಂದೆ. ಅರಳಿದ ಕಣ್ಣು ಸ್ವಲ್ಪ ಮುಚ್ಚಿತು.

ವಿನ್ಯಾಸ ಎಂದರೇನು? ಅಳತೆ, ಕತ್ತರಿ, ಜೋಡಣೆ. ಅದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಟೆಂಟಿನ ನಮೂನೆ ಕತ್ತರಿಸುವ ದಪ್ಪ ಕಾಗದ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಒಂದೊಂದು ಪುಟಕ್ಕೆ ಒಂದೊಂದು ತುಂಡು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ, ಯಾವ ಪುಟದ ಪಕ್ಕ ಯಾವುದು ಬರಬೇಕೋ ಹಾಗೆ ಅಡುಗೆಮನೆಯ ಕಿಟಕಿ ಪರದೆಗೆ ಗುಂಡುಪಿನ್ನಿನಿಂದ ಚುಚ್ಚಿದೆ. ಪರದೆ ಸಾಲದೆ ಟವೆಲ್ಲಿಗೂ ಚುಚ್ಚಿದೆ. ಹೆಂಡತಿ ಮುಖ ಒರೆಸಿಕೊಳ್ಳಲು ಹೋಗಿ 'ಹೊಸಬರು ಇಲ್ಲಿ ಒಳಬನ್ನಿ' ಎಂಬ ಪುಟದಿಂದ ಕೆನ್ನೆಗೆ ಗೀರು ಮಾಡಿಕೊಂಡಳು.

ಅಂಗಡಿಯನ್ನು ಆ ವಾರಗಳಲ್ಲಿ ಅವಳೇ ನೋಡಿಕೊಂಡಳು. ಯಂತ್ರ ತುಳಿಯುವುದು ಅವಳಿಗೂ ಬರುತ್ತದೆ. ಬರುತ್ತದೆ ಎಂದಷ್ಟೇ ನಾನು ಅಂದುಕೊಂಡಿದ್ದೆ.

ಹೆಸರು 'ಏರಿ ಹೇಳಿ' ಎಂದಿಟ್ಟೆ. ತುದಿಯಣ್ಣನಂಥವರು ಸೇರುವ ಕಡೆ 'ಏರಿಸಿ ಹೇಳಿ' ಅಂತಲೇ ಇಟ್ಟುಬಿಡಿ ಎಂದಳು ಹೆಂಡತಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ್ಯಪ್ ತೆರೆಯುವ ಬಾಗಿಲಿಗೆ ಜಿಪ್ಪು ಬೇಕು, ಬೆರಳಲ್ಲಿ ಎಳೆದರೆ ಸರ್ರನೆ ತೆರೆಯಬೇಕು ಎಂದೆ. ಭಾವಮೈದುನ ಮಾಡಿಕೊಟ್ಟ. ಎಳೆದೆ, ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿತು. "ನಿಜವಾದ ಜಿಪ್ಪಿನ ಹಾಗೇ ಇರಲಿ ಅಂದಿದ್ರಲ್ಲ ಭಾವ" ಎಂದ ಪಾಪಿ.

ಆಮೇಲೆ ಬಂತು ನನ್ನ ಇಡೀ ವಿನ್ಯಾಸದ ಪ್ರಾಣ. ಒಳಗೆ ಬಂದವರು ಕಥೆಯ ಮೊದಲ ಮಾತು ಆಡುವ ಮುನ್ನ ಒಂದು ಪ್ರಶ್ನೆ ಏಳುತ್ತದೆ: ಹೊಲಿಗೆ ಯಾರದು? ಹೊದ್ದದ್ದು, ಹೊತ್ತದ್ದು, ತೊಟ್ಟದ್ದು, ಏನೇ ಇರಲಿ, ಹೊಲಿದವರು ಯಾರು? ಉತ್ತರ ಕೊಡದಿದ್ದರೆ ಮುಂದಕ್ಕೆ ದಾರಿಯಿಲ್ಲ. ಕೊಟ್ಟ ಉತ್ತರ ಕಥೆಯ ನೆತ್ತಿಯ ಮೇಲೆ, ಹೇಳಿದವನ ಹೆಸರಿಗಿಂತ ದೊಡ್ಡದಾಗಿ, ಕೆಂಪಕ್ಷರದಲ್ಲಿ ಬರಬೇಕು. ಫೋಟೋ ಇದ್ದರೆ ಫೋಟೋ ಸಮೇತ. ನನ್ನ ಫೋಟೋ ನಾನು ಮೊದಲೇ ತೆಗೆಸಿಟ್ಟಿದ್ದೆ, ಕೈಯಲ್ಲಿ ಕತ್ತರಿ ಹಿಡಿದು, ದೂರದ ಶಿಖರ ನೋಡುತ್ತಿರುವ ಹಾಗೆ. ದೂರದಲ್ಲಿ ಇದ್ದದ್ದು ನೀರಿನ ಟ್ಯಾಂಕು.

"ಮತ್ತೆ ಇನ್ನೊಂದು. ಒಮ್ಮೆ ಕೂತ ಹೆಸರನ್ನ ಯಾರೂ ತೆಗೆಯೋಕಾಗಬಾರದು. ಗಟ್ಟಿ ಹೊಲಿಗೆ. ಬಿಚ್ಚೋಕೆ ಹೋದ್ರೆ ಬಟ್ಟೇನೇ ಹರೀಬೇಕು."

ಭಾವಮೈದುನ ಗಲ್ಲ ಕೆರೆದುಕೊಂಡ. "ಭಾವ, ಬೇಡ. ಚೆನ್ನಾಗಿದ್ದದ್ದನ್ನ ಜನ ಕಥೆ ಮಾಡಿ ಹೇಳಲ್ಲ."

"ಯಾಕೆ ಹೇಳಲ್ಲ? ಕೇಳೋರಿಲ್ದೆ ಹೇಳ್ತಿರಲಿಲ್ಲ. ಈಗ ನಾನು ಕೇಳ್ತಿದ್ದೀನಿ."

"ಪಂದ್ಯ ಕಟ್ತೀನಿ. ಮಳೆಗಾಲ ಮುಗಿಯೋದ್ರೊಳಗೆ ನಿಮ್ಮ ಹೊಲಿಗೆ ಚೆನ್ನಾಗಿತ್ತು ಅಂತ ಒಂದೇ ಒಂದು ಕಥೆ ಬರಲಿ, ನಿಮ್ಮ ಅಂಗಡಿ ಕಸ ಜೀವಮಾನ ಪೂರ್ತಿ ನಾನು ಗುಡಿಸ್ತೀನಿ."

"ಬರದಿದ್ರೆ ನಾನು ಗುಡಿಸ್ತೀನಿ, ಹೋಗು!"

ಅಂಗಡಿಯ ಕಸವೆಂದರೆ ಹಗುರವಾಗಿ ತಿಳಿಯಬೇಡಿ. ದಾರದ ತುಂಡು, ನೈಲಾನ್ ಚೂರು, ಕಿತ್ತ ಜಿಪ್ಪಿನ ಹಲ್ಲು, ಬೂಟಿನಿಂದ ಉದುರಿದ ಬೆಟ್ಟದ ಮಣ್ಣು. ಗಾಳಿ ಬಂದರೆ ಏಳುತ್ತದೆ, ಪೊರಕೆಗೆ ಸುತ್ತಿಕೊಳ್ಳುತ್ತದೆ. ಅಷ್ಟು ವರ್ಷ ಅದನ್ನು ಗುಡಿಸುತ್ತಿದ್ದವಳು ನನ್ನ ಹೆಂಡತಿ. ಪಂದ್ಯದ ಮಾತು ಕೇಳಿ ಆಕೆ ಒಲೆ ಆರಿಸಿ ಬಂದು, ನಮ್ಮಿಬ್ಬರ ಕೈಗಳನ್ನೂ ತಾನೇ ಹಿಡಿದು ಕುಲುಕಿಸಿದಳು. ಫಲಿತಾಂಶ ಬರುವವರೆಗೆ ತಾನು ಪೊರಕೆ ಮುಟ್ಟಿದರೆ ಪಂದ್ಯಕ್ಕೆ ಅವಮಾನ ಮಾಡಿದ ಹಾಗಾಗುತ್ತದೆ ಎಂದು ಅವತ್ತಿನಿಂದಲೇ ನಿಲ್ಲಿಸಿಬಿಟ್ಟಳು.

'ಏರಿ ಹೇಳಿ' ಶುರುವಾಯಿತು. ಅಂಗಡಿಗೆ ಬಂದವರಿಗೆಲ್ಲ ನಾನೇ ಮೊಬೈಲು ಕಿತ್ತುಕೊಂಡು ಹಾಕಿಕೊಟ್ಟೆ. ಹಾಕಿಸಿಕೊಳ್ಳದವರ ಬೂಟು ವಾಪಸು ಕೊಡಲಿಲ್ಲ.

ಮೊದಲ ಕಥೆ ಬಂದ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಕೂರಿಸಿ ಜೋರಾಗಿ ಹಾಕಿದೆ. ಕೆಂಪಕ್ಷರದಲ್ಲಿ ನನ್ನ ಹೆಸರು. ಕತ್ತರಿ ಹಿಡಿದ ನಾನು. ಕೆಳಗೆ ಕಥೆ: ಕಡಿದಾದ ಏರಿನಲ್ಲಿ ಬೆನ್ನುಚೀಲದ ಪಟ್ಟಿ ಪಟ್ಟನೆ ಕಿತ್ತು, ಚೀಲ ಊಟ ನೀರು ಸಮೇತ ಪ್ರಪಾತಕ್ಕೆ ಉರುಳಿ, ಹೇಳುವವನು ಬೇರು ಅಗಿದು ಬದುಕಿ ಬಂದದ್ದು.

ಆ ಪಟ್ಟಿಯನ್ನು ನಾನು ಹೊಲಿದೇ ಇರಲಿಲ್ಲ! ಆ ಚೀಲದಲ್ಲಿ ನಾನು ಹೊಲಿದದ್ದು ಪಕ್ಕದ ಜೇಬು ಮಾತ್ರ. ಜೇಬಿಗೆ ಏನಾಯಿತು? ಏನೂ ಆಗಲಿಲ್ಲ. ಚೀಲದ ಜೊತೆ ಗಟ್ಟಿಯಾಗಿ ಅಂಟಿಕೊಂಡೇ ಪ್ರಪಾತಕ್ಕೆ ಹೋಯಿತು. ಅದನ್ನು ಆ ಕೃತಘ್ನ ಹೇಳಿದನೇ?

ಎರಡನೆಯದು ಮಲಗುವ ಚೀಲದ ಕಥೆ. ಜಿಪ್ಪು ಕುತ್ತಿಗೆಯವರೆಗೆ ಬಂದು ಸಿಕ್ಕಿಕೊಂಡು, ಆ ಮನುಷ್ಯ ಬೆಳಗಿನ ಅವಸರಕ್ಕೆ ಚೀಲದೊಳಗಿಂದಲೇ ಕುಪ್ಪಳಿಸುತ್ತ ಪೊದೆಯವರೆಗೆ ಹೋದದ್ದನ್ನು ಶಿಬಿರದ ಮಂದಿಯೆಲ್ಲ ಕಂಡರಂತೆ. ಕೇಳಿದವರು ನಕ್ಕು ನಕ್ಕು ಎಲ್ಲರಿಗೂ ಹಂಚಿದರು. ನೆತ್ತಿಯ ಮೇಲೆ ನಾನು, ಶಿಖರ ನೋಡುತ್ತ.

ಅಲ್ಲಿಂದ ಮುಂದೆ ಅಣೆಕಟ್ಟು ಒಡೆದ ಹಾಗಾಯಿತು. ಸೋರಿದ ಟೆಂಟು, ಕಿತ್ತ ಗುಂಡಿ, ಬಂಡೆ ಹತ್ತುವಾಗ ಹಿಂಬದಿ ಬಿರಿದ ಪ್ಯಾಂಟು. ನಾನು ಕಂಡೇ ಇಲ್ಲದ ಪ್ಯಾಂಟುಗಳು! ನಾನು ಕೇಳೇ ಇಲ್ಲದ ಊರುಗಳ ಜನ! ಎಲ್ಲೋ ಬೇರೆ ಅಂಗಡಿಯಲ್ಲಿ ಹೊಸದಾಗಿ ಕೊಂಡವರಿಗೆ ಹೊಲಿದವರು ಯಾರೆಂದು ಹೇಗೆ ಗೊತ್ತಿರಬೇಕು? ಆದರೂ ಪ್ರತಿಯೊಂದರ ಮೇಲೂ ನನ್ನ ಹೆಸರು. ಇದೇನು ಮೋಸ ಎಂದು ಮಹಡಿ ಹತ್ತಿದೆ.

ಅದಾ, ಎಂದ ಭಾವಮೈದುನ. ಜನ ಆ ಪ್ರಶ್ನೆಯ ಹತ್ತಿರ ಬಂದು ತಡವರಿಸುತ್ತಿದ್ದರಂತೆ. ಅವರಿಗೆ ಅನುಕೂಲವಾಗಲೆಂದು, ಬೆರಳು ತಾಗಿಸಿದ ಕೂಡಲೇ ಹೆಚ್ಚು ಬಳಕೆಯಲ್ಲಿರುವ ಹೆಸರು ತಾನಾಗಿ ಬಂದು ಕೂರುವಂತೆ ಮಾಡಿದ್ದನಂತೆ. ಹೆಚ್ಚು ಬಳಕೆಯಲ್ಲಿದ್ದದ್ದು ನನ್ನ ಹೆಸರೊಂದೇ.

"ಜನಪ್ರಿಯರಾಗಿದ್ದೀರಿ ಭಾವ."

ನಾನು ಪ್ರತಿಯೊಬ್ಬರಿಗೂ ಉತ್ತರ ಕೊಡಲು ಕೂತೆ. ನನ್ನ ಬೆರಳಿಗೆ ಸೂಜಿ ಸಿಗುತ್ತದೆ, ಅಷ್ಟು ಸಣ್ಣ ಅಕ್ಷರ ಸಿಗುವುದಿಲ್ಲ. ಆದ್ದರಿಂದ ಬಾಯಲ್ಲೇ ಹೇಳಿದೆ. 'ಅಯ್ಯಾ, ನಿನ್ನ ಪ್ಯಾಂಟು ಬಿರಿದದ್ದು ಹೊಲಿಗೆಯಿಂದಲ್ಲ, ಒಳಗಿರುವ ಸಾಮಾನಿನಿಂದ' ಎಂದು ಶಾಂತವಾಗಿ ಶುರುಮಾಡಿದೆ. ಮುಂದಿನದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಳಿಸಲು ಒತ್ತಿದರೆ ಹೋಗಲಿಲ್ಲ. ಅಲ್ಲೂ ಅದೇ ಪ್ರಶ್ನೆ: ಹೊಲಿಗೆ ಯಾರದು? ನಾನೇ ಮಾಡಿಟ್ಟ ಬಾಗಿಲಲ್ಲಿ ನಾನೇ ನಿಂತು, ಹಲ್ಲು ಕಡಿಯುತ್ತ ಬೆರಳು ತಾಗಿಸಿದೆ. ನನ್ನ ಬೈಗುಳದ ನೆತ್ತಿಯ ಮೇಲೂ ನಾನೇ, ಕತ್ತರಿ ಹಿಡಿದು.

ಅಂಗಡಿಗೆ ಜನ ಬರುವುದು ಹೆಚ್ಚಾಯಿತು, ಕೆಲಸ ಬರುವುದು ನಿಂತಿತು. ಬಂದವರು ಬಾಗಿಲಲ್ಲಿ ನಿಂತು 'ಅವರೇ ಕಣೋ' ಎಂದು ಪಿಸುಗುಟ್ಟಿ, ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಟೆಂಟನ್ನು ಹೆಗಲಿಗೇರಿಸಿಕೊಂಡು ಪೇಟೆಯ ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು. ತೀರಾ ಹಳೆಯ ಗಿರಾಕಿಯೊಬ್ಬರು ಬೂಟನ್ನು ಕೈಗೆ ಕೊಟ್ಟು, ಮತ್ತೆ ವಾಪಸು ಕೇಳಿದರು. ಕೇಳುವಾಗ ನನ್ನ ಮುಖ ನೋಡಲಿಲ್ಲ. ಆವತ್ತು ನಾನು ಬೈಯಲೂ ಇಲ್ಲ. ಬಾಗಿಲಿಗೆ ಬೋರ್ಡು ಬರೆದವನು ನನ್ನಪ್ಪ. ಅವತ್ತಿನವರೆಗೆ ಆ ಬೋರ್ಡಿನ ಕೆಳಗಿನಿಂದ ಯಾರೂ ಹರಿದ ಬೂಟು ಹಿಡಿದುಕೊಂಡೇ ವಾಪಸು ಹೋದದ್ದಿರಲಿಲ್ಲ.

ಇದರ ಮೇಲೆ ತುದಿಯಣ್ಣ ತನ್ನ ಬಿರುಗಾಳಿಯ ಕಥೆ ಹಾಕಿದ.

ಸಭೆಯಲ್ಲಿ ಜಗ್ಗದ ಟೆಂಟು ಇಲ್ಲಿ ಹರಿಯಿತು! ನೆತ್ತಿಯಿಂದ ಬುಡದವರೆಗೆ ಸೀಳಿಹೋಯಿತಂತೆ. ಈತ ಎರಡು ಅಂಚುಗಳನ್ನೂ ಹಲ್ಲಿನಲ್ಲಿ ಕಚ್ಚಿ ಹಿಡಿದು ಬೆಳಗು ಮಾಡಿದನಂತೆ. ಕೊನೆಗೂ ತುದಿ ಮುಟ್ಟಿದನಂತೆ. ಆ ಕಥೆಯನ್ನು ಕೇಳದವರೇ ಇಲ್ಲ. ಬಸ್ಸಿನಲ್ಲಿ ಕಂಡಕ್ಟರು ಕೇಳುತ್ತಿದ್ದ.

ನಾನು ಬರಿಗಾಲಲ್ಲೇ ಆತನ ಮನೆಗೆ ಹೋಗಿ, ಮನುಷ್ಯನನ್ನೂ ಟೆಂಟನ್ನೂ ಜೊತೆಯಾಗಿ ಅಂಗಡಿಗೆ ಎಳೆದು ತಂದೆ. ಬೀದಿಯ ಜನ ನೋಡುತ್ತಿರುವಂತೆ ಟೆಂಟು ಬಿಡಿಸಿ ಹಾಸಿದೆ. ನೆತ್ತಿಯ ಹೊಲಿಗೆ ನಾನು ಕೊಟ್ಟ ದಿನ ಇದ್ದ ಹಾಗೇ ಇತ್ತು, ಒಂದು ನೂಲು ಅಲುಗಿರಲಿಲ್ಲ.

"ಎಲ್ಲಿ ಹರಿದಿದೆ? ತೋರ್ಸು."

ತುದಿಯಣ್ಣ ತಲೆ ತಗ್ಗಿಸಿಯಾನು ಎಂದುಕೊಂಡಿದ್ದೆ. ಇಲ್ಲ. ಮಗುವಿಗೆ ಬುದ್ಧಿ ಹೇಳುವವನಂತೆ ನನ್ನ ಭುಜ ತಟ್ಟಿದ.

"ಟೈಲರಣ್ಣ, ಹರೀಲಿಲ್ಲ ಅಂತ ನನಗೂ ಗೊತ್ತು. ಆದ್ರೆ ಟೆಂಟು ಗಟ್ಟಿ ಇತ್ತು, ಒಳಗೆ ಬೆಚ್ಚಗೆ ಮಲಗಿದ್ದೆ ಅಂದ್ರೆ ನನ್ನ ಕಥೇಲಿ ನಾನೇನು ಮಾಡಿದ ಹಾಗಾಯ್ತು? ಸಭೇಲಿ ಆದ್ರೆ ಹಾರ ಮೊದಲೇ ತಂದಿಟ್ಟಿದ್ರು. ಇಲ್ಲಿ ಹಾಗಲ್ಲ, ಕಥೇನೇ ಜನಾನ ಹಿಡೀಬೇಕು. ನಿಮ್ಮ ಹೊಲಿಗೆ ಬಿಟ್ಟುಕೊಂಡ್ರೇನೇ ನನಗೆ ಸಾಹಸ."

ನೋಡುತ್ತಿದ್ದವರೆಲ್ಲ ತಲೆಯಾಡಿಸಿದರು. ನನ್ನ ಕಡೆಗಲ್ಲ, ಅವನ ಕಡೆಗೆ.

ಮನೆಗೆ ಬಂದವನೇ ಭಾವಮೈದುನನಿಗೆ ಹೇಳಿದೆ, ನನ್ನ ಹೆಸರು ತೆಗೆ. ಆಗುವುದಿಲ್ಲ ಎಂದ. ಬಿಚ್ಚಲು ಹೋದರೆ ಬಟ್ಟೆಯೇ ಹರಿಯುವಂತೆ ಮಾಡಿಸಿಕೊಂಡವನು ನಾನೇ ಅಂತೆ. ತೆಗೆಯಬೇಕಾದರೆ ಇಡೀ 'ಏರಿ ಹೇಳಿ'ಯನ್ನೇ ಅಳಿಸಬೇಕು.

"ಅಳಿಸು. ಬೇರು ಸಮೇತ ಅಳಿಸು" ಎಂದೆ. ಪರದೆಯಿಂದ ಕಾಗದಗಳನ್ನು ಕಿತ್ತು ಕಿತ್ತು ಎಸೆದೆ. ಮಳೆಗಾಲ ಮುಗಿದಿತ್ತು. ಭಾವಮೈದುನ ಬಾಗಿಲ ಹಿಂದಿನ ಪೊರಕೆ ತಂದು ಎರಡೂ ಕೈಯಲ್ಲಿ ಹಿಡಿದು, ಸನ್ಮಾನದ ಖಡ್ಗ ಕೊಡುವವರ ಹಾಗೆ ನನ್ನ ಮುಂದೆ ಚಾಚಿದ. ನಾನು ಕೈ ಚಾಚುವಷ್ಟರಲ್ಲಿ ಹೆಂಡತಿ ಮೊಬೈಲು ಹಿಡಿದು ಬಂದಳು.

"ಅಳಿಸೋ ಮುಂಚೆ ಇದೊಂದು ನೋಡ್ರಿ. ತೀರಾ ಕೆಳಗೆ ಬಿದ್ದಿತ್ತು."

ಹೇಳಿದವರು ಹಲ್ಲಿನ ಡಾಕ್ಟರಮ್ಮ, ರಜೆ ಸಿಕ್ಕಾಗ ಒಬ್ಬರೇ ಬೆಟ್ಟ ಹತ್ತುವವರು. ಫೋಟೋ ಇಲ್ಲ. ಕೇಳಿದವರು ಯಾರೂ ಇಲ್ಲ. ಕಥೆ ಪೂರ್ತಿ ಇಷ್ಟೇ: ರಾತ್ರಿಯೆಲ್ಲ ಗಾಳಿ. ಟೆಂಟು ಹರಿಯಲಿಲ್ಲ. ಹೊಲಿಗೆ ಮುಟ್ಟಿ ನೋಡಿದೆ, ಧೈರ್ಯ ಬಂತು, ನಿದ್ದೆ ಬಂತು. ಬೆಳಿಗ್ಗೆ ಇಳಿದು ಬಂದೆ.

ನಾನು ಅದನ್ನು ಮತ್ತೆ ಕೇಳಿದೆ. ಇನ್ನೊಮ್ಮೆ ಕೇಳಿದೆ. ಆಮೇಲೆ ಮನೆ ಹಾರಿಹೋಗುವ ಹಾಗೆ ಕೂಗಿದೆ.

"ನೋಡಿದ್ಯೇನೋ! ಮುಟ್ಟಿ ನೋಡಿದ್ರಂತೆ, ಧೈರ್ಯ ಬಂತಂತೆ! ಆ ಪೊರಕೆ ನಿನ್ನ ಕೈಯಲ್ಲೇ ಚೆನ್ನಾಗಿ ಕಾಣ್ತಿದೆ, ಹಾಗೇ ಅಂಗಡಿಗೆ ನಡಿ!"

"ಸ್ವಲ್ಪ ಮೇಲಕ್ಕೆ ಎಳೀರಿ" ಎಂದಳು ಹೆಂಡತಿ, ಮೆಲ್ಲಗೆ.

ಎಳೆದೆ. ನನ್ನ ಫೋಟೋ ಇರಲಿಲ್ಲ. ಬೆರಳು ತಾಗಿಸಿದರೆ ಸಾಕು ತಾನಾಗಿ ಬಂದು ಕೂರುವ ನನ್ನ ಹೆಸರನ್ನು ಕಥೆ ಕಳಿಸುವ ಮೊದಲೇ ಅಳಿಸಿ, ಕೆಂಪಕ್ಷರದಲ್ಲಿ ಬೇರೇನೋ ಬರೆದಿತ್ತು.

ಹೊಲಿಗೆ: ಅಂಗಡಿಯ ಅಕ್ಕ.

ನಾನು ಅಡುಗೆಮನೆಯಲ್ಲಿ ಕಾಗದದ ಶಿಖರಗಳನ್ನು ಕತ್ತರಿಸುತ್ತಿದ್ದ ವಾರಗಳಲ್ಲಿ ಆ ಟೆಂಟು ಬಂದಿತ್ತಂತೆ. ಮೂಲೆ ಪೂರ್ತಿ ಹೋಗಿತ್ತಂತೆ. ಹೊಸ ಮೂಲೆ ಕೂರಿಸಿ ಎರಡು ಸಾಲು ಹೊಲಿದು ಮೇಣ ತಿಕ್ಕಿ ಕೊಟ್ಟೆ ಎಂದಳು. ನನ್ನ ಹಾಗೆಯೇ. ಮರುದಿನ ಅಂಗಡಿಗೆ ಹೋಗಿ ಆಕೆ ಹೊಲಿದಿಟ್ಟ ಇನ್ನೊಂದು ಟೆಂಟನ್ನು, ಯಾರೂ ನೋಡದ ಹೊತ್ತಿನಲ್ಲಿ, ಎರಡು ಕೈಯಲ್ಲಿ ಎಳೆದು ನೋಡಿದೆ. ಹೊಲಿಗೆ ಬಿಡಲಿಲ್ಲ. ಇನ್ನೂ ಜೋರಾಗಿ ಎಳೆದೆ. ನನ್ನ ತೋಳೇ ಉಳುಕಿತು.

'ಏರಿ ಹೇಳಿ'ಯನ್ನು ಅಳಿಸಲು ಹೆಂಡತಿ ಬಿಡಲಿಲ್ಲ. ಡಾಕ್ಟರಮ್ಮನ ಮಾತು ಹೇಗೋ ಬಾಯಿಂದ ಬಾಯಿಗೆ ಹೋಗಿ, ಈಗ ಹಳೆಯ ಗಿರಾಕಿಗಳೆಲ್ಲ ಬಂದು 'ಅಕ್ಕ ಇದ್ದಾರಾ?' ಎಂದು ಕೇಳುತ್ತಾರೆ. ನಾನು ಇದ್ದೇನೆ ಎಂದರೆ, ಪರವಾಗಿಲ್ಲ, ಕಾಯುತ್ತೇವೆ ಎನ್ನುತ್ತಾರೆ.

ಇನ್ನು ಪಂದ್ಯ. ನಿಮ್ಮ ಹೊಲಿಗೆಗೆ ಹೊಗಳಿಕೆ ಬರಬೇಕು ಎಂದಿತ್ತು, ಬಂದದ್ದು ಅಕ್ಕನ ಹೊಲಿಗೆಗೆ, ಆದ್ದರಿಂದ ಸೋತವರು ನೀವು ಎಂದು ಭಾವಮೈದುನನ ವಾದ. ಯಂತ್ರ ಯಾರದು, ದಾರ ಯಾರದು, ಬೋರ್ಡು ಯಾರಪ್ಪನದು, ಅಂಗಡಿ ನನ್ನದಾದ ಮೇಲೆ ಅಲ್ಲಿಯ ಹೊಲಿಗೆಯೂ ನನ್ನದೇ ಎಂದು ನಾನು ಮೇಜು ಗುದ್ದಿ ಹೇಳಿದೆ. ಹೆಂಡತಿ ಯಂತ್ರ ತುಳಿಯುವುದನ್ನು ನಿಲ್ಲಿಸಲೂ ಇಲ್ಲ, ತಲೆ ಎತ್ತಲೂ ಇಲ್ಲ.

"ಅಂಗಡಿ ನಿಮ್ಮದಾದ್ರೆ ಕಸಾನೂ ನಿಮ್ಮದೇ ಅಲ್ವೇನ್ರಿ?"

ನಾನು ಒಪ್ಪಲಿಲ್ಲ. ಭಾವಮೈದುನ ಒಪ್ಪಲಿಲ್ಲ. ಪಂದ್ಯಕ್ಕೆ ಅವಮಾನವಾಗಬಾರದೆಂದು ಹೆಂಡತಿಯೂ ಪೊರಕೆ ಮುಟ್ಟುವುದಿಲ್ಲ. ಕಸ ಈಗ ಯಂತ್ರ ತುಳಿಯುವ ಹಲಗೆ ಮುಚ್ಚಿ, ಬಾಗಿಲ ಮೂಲೆಯಲ್ಲಿ ಗುಡ್ಡೆಯಾಗಿದೆ. ಮೊನ್ನೆ ತುದಿಯಣ್ಣ ಬಂದವನು ಅದರ ಮೇಲೆ ಕಾಲಿಟ್ಟು ದಾಟಿ, ಎಡ ಮೊಣಕಾಲು ತಟ್ಟಿಕೊಂಡು, ಅಲ್ಲೇ ನಿಂತು ಮೊಬೈಲು ತೆಗೆದು ಕಥೆ ಹೇಳತೊಡಗಿದ. ಕೊನೆಗೂ ತುದಿ ಮುಟ್ಟಿದನಂತೆ. ಹೊಲಿಗೆ ಯಾರದು ಎಂದು ಕೇಳಿತು. ಬೆರಳು ತಾಗಿಸಿದ. ನಾನು ಬಂದೆ, ಕತ್ತರಿ ಹಿಡಿದು.

ಪೊರಕೆ ಬಾಗಿಲ ಹಿಂದೆ ಇದೆ. ಅದನ್ನು ಹಿಡಿಯಬೇಕಾದವರು ಯಾರೆಂದು ಇವತ್ತಿಗೂ ತೀರ್ಮಾನವಾಗಿಲ್ಲ.